ಗಣಿನೆಲದ ಹಸಿರು

ಸಂಡೂರಿನ ಬೆಟ್ಟಗಳ ತಪ್ಪಲಿನ ಪ್ರೌಢಶಾಲೆಯೊಂದರಲ್ಲಿ ನಾನು ಹಲವು ವರ್ಷ ಕನ್ನಡ ಅಧ್ಯಾಪಕನಾಗಿದ್ದೆ. ಪ್ರತಿವರ್ಷ ಜುಲೈ ತಿಂಗಳ ಮೊದಲ ವಾರದಲ್ಲಿ ವನಮಹೋತ್ಸವ ಬರುತ್ತಿತ್ತು. 1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ. ಎಂ. ಮುನ್ಷಿಯವರು ಆರಂಭಿಸಿದ ಈ ಉತ್ಸವವನ್ನು ನಮ್ಮ ಶಾಲೆಯೂ ತಪ್ಪದೆ ಆಚರಿಸುತ್ತಿತ್ತು. ಒಂದು ವರ್ಷ ಸಮೀಪದ ಗಣಿಯವರು ತಮ್ಮ ತ್ಯಾಜ್ಯದ ದಿಬ್ಬದ ಮೇಲೆ ಸಸಿ ನೆಡಲು ನಮ್ಮ ಮಕ್ಕಳನ್ನು ಆಹ್ವಾನಿಸಿದರು. ಅದಿರಿಗಾಗಿ ಬೆಟ್ಟವನ್ನು ಅಗೆಯುವಾಗ ಬರುವ ಬೇಡದ ಕಲ್ಲುಮಣ್ಣನ್ನು ಒಂದೆಡೆ ಸುರಿದು ಮಾಡಿದ ಗುಡ್ಡವೇ ಈ ದಿಬ್ಬ. ಗಣಿಯವರ ಮಾತಿನಲ್ಲಿ ಅದು 'ಡಂಪ್'. ಮಕ್ಕಳು ಉತ್ಸಾಹದಿಂದ ಸಸಿ ನೆಟ್ಟರು. ಭಾಷಣಗಳಾದವು, ಛಾಯಾಚಿತ್ರಗಳಾದವು, ಸಿಹಿ ಹಂಚಿದ್ದಾಯಿತು.

ಮರುವರ್ಷ ಮತ್ತೆ ಆಹ್ವಾನ ಬಂದಿತು. ಅದೇ ದಿಬ್ಬ. ಈ ಸಲ ಗುಂಡಿ ತೋಡುವ ಶ್ರಮವಿರಲಿಲ್ಲ. ಹಿಂದಿನ ವರ್ಷದ ಗುಂಡಿಗಳು ಹಾಗೆಯೇ ಬಾಯಿ ತೆರೆದುಕೊಂಡಿದ್ದವು. ಒಣಗಿದ ಕಡ್ಡಿಯನ್ನು ಕಿತ್ತೆಸೆದು ಹೊಸ ಸಸಿಯನ್ನಿಡುವುದಷ್ಟೇ ಕೆಲಸ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಸಸಿಯನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ಕೇಳಿದಳು: "ಸಾರ್, ಹೋದ ವರ್ಷ ಇದೇ ಗುಂಡಿಯಲ್ಲಿ ನಾನು ಹೊಂಗೆ ಗಿಡ ಇಟ್ಟಿದ್ದೆ. ಈಗ ಇದನ್ನೂ ಸೇರಿಸಿದರೆ ಎರಡು ಗಿಡ ಅಂತ ಬರೆಯಬೇಕೋ, ಒಂದು ಅಂತಲೋ?"

ಆ ಹೊತ್ತು ನಾನು ನಕ್ಕು ಸುಮ್ಮನಾದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಎರಡು ವರ್ಷಗಳ ವರದಿಗಳಲ್ಲಿ ಎರಡು ಗಿಡಗಳಿದ್ದವು. ನೆಲದ ಮೇಲೆ ಇದ್ದದ್ದು ಒಂದು ಗುಂಡಿ. ನಾವು ಕಾಡನ್ನು ಎಣಿಸುತ್ತಿದ್ದೇವೆಯೋ, ಗುಂಡಿಗಳನ್ನು ಎಣಿಸುತ್ತಿದ್ದೇವೆಯೋ? ಗಣಿಗಾರಿಕೆ ಮುಗಿದ ನೆಲದಲ್ಲಿ ಮತ್ತೆ ಹಸಿರು ಬಂದಿತೇ ಇಲ್ಲವೇ ಎಂಬುದನ್ನು ಯಾರು, ಹೇಗೆ, ಎಷ್ಟು ಕಾಲ ನೋಡಬೇಕು? ನಿವೃತ್ತಿಯ ಬಳಿಕ ನನಗೆ ದೊರೆತ ಬಿಡುವಿನಲ್ಲಿ ಈ ವಿಷಯವನ್ನು ಓದಿ, ನೋಡಿ, ಬಲ್ಲವರನ್ನು ಕೇಳಿ ತಿಳಿದುಕೊಂಡೆ. ಹಾಗೆ ತಿಳಿದುಕೊಂಡ ಮೇಲೆ ನನ್ನಲ್ಲಿ ನೆಲೆಗೊಂಡ ಅಭಿಪ್ರಾಯವನ್ನು ಇಲ್ಲಿ ಹೇಳಬಯಸುತ್ತೇನೆ.

ಮೊದಲು ಗಣಿಯು ಏನನ್ನು ಕೊಂಡೊಯ್ಯುತ್ತದೆ ಎಂಬುದನ್ನು ನೋಡೋಣ. ಸಂಡೂರಿನ ಬೆಟ್ಟಸಾಲಿನಲ್ಲಿ ಹೆಮಟೈಟ್ ಎಂಬ ಉತ್ತಮ ಜಾತಿಯ ಕಬ್ಬಿಣದ ಅದಿರಿದೆ. ಆ ಅದಿರಿನ ಮೇಲೆ ತೆಳುವಾದ ಕೆಂಪು ಮಣ್ಣು. ಆ ಮಣ್ಣಿನ ಮೇಲೆ ದಿಂಡಿಗ, ಕಮರ, ಮುತ್ತುಗ, ತುಪ್ರ, ಬಿದಿರುಗಳ ಎಲೆಯುದುರುವ ಕಾಡು. ಬೇಸಗೆಯಲ್ಲಿ ಬೋಳಾಗಿ ಕಾಣುವ ಈ ಬೆಟ್ಟಗಳು ಮುಂಗಾರಿನ ಎರಡು ಮಳೆ ಬಿದ್ದೊಡನೆ ಹೊಸ ಉಡುಗೆಯನ್ನುಟ್ಟುಕೊಳ್ಳುತ್ತವೆ. ನಾರಿಹಳ್ಳದಂತಹ ತೊರೆಗಳಿಗೆ ನೀರನ್ನು ಕೂಡಿಡುವ ಭಂಡಾರ ಈ ಬೆಟ್ಟಗಳೇ.

ಒಂದು ಗೇಣು ಮೇಲ್ಮಣ್ಣು ಉಂಟಾಗಲು ನೂರಾರು ವರ್ಷಗಳು ಬೇಕು. ಅದು ಬರಿಯ ಮಣ್ಣಲ್ಲ. ಅದರಲ್ಲಿ ಮುಂದಿನ ಮಳೆಗಾಗಿ ಕಾದು ಮಲಗಿದ ಬೀಜಗಳಿವೆ, ಬೇರುಗಳಿಗೆ ಆಹಾರವನ್ನೊದಗಿಸುವ ಶಿಲೀಂಧ್ರಗಳಿವೆ, ಇರುವೆ ಎರೆಹುಳುಗಳಿವೆ. ಗಣಿಯ ಯಂತ್ರವು ಅರ್ಧ ದಿನದಲ್ಲಿ ಇದನ್ನೆಲ್ಲ ಕೆರೆದು ಬದಿಗೆ ತಳ್ಳುತ್ತದೆ. ಮೇಲ್ಮಣ್ಣನ್ನು ಬೇರೆಯಾಗಿ ಕಾಪಾಡಿ, ಕೊನೆಗೆ ದಿಬ್ಬದ ಮೇಲೆ ಹರಡಬೇಕೆಂಬ ನಿಯಮವುಂಟು. ನಿಯಮವನ್ನು ಪಾಲಿಸದ ಕಡೆ ಒಳಗಿನ ಕಲ್ಲು ಮೇಲೆ ಬರುತ್ತದೆ, ಮೇಲಿನ ಮಣ್ಣು ಕೆಳಗೆ ಹೂತುಹೋಗುತ್ತದೆ. ಇಂತಹ ದಿಬ್ಬದಲ್ಲಿ ನೀರು ನಿಲ್ಲದು. ಬಿದ್ದ ಮಳೆ ಕೊರಕಲುಗಳನ್ನು ಕೊರೆದು, ಕೆಂಪು ಕೆಸರನ್ನು ಹೊತ್ತು, ಕೆಳಗಿನ ಹೊಲಗಳಿಗೂ ಕೆರೆಗಳಿಗೂ ಇಳಿಯುತ್ತದೆ.

ಈ ಶತಮಾನದ ಮೊದಲ ದಶಕದಲ್ಲಿ ಅದಿರಿಗೆ ಹೊರದೇಶಗಳಿಂದ ಅಪಾರ ಬೇಡಿಕೆ ಬಂದಾಗ ಬಳ್ಳಾರಿ ಜಿಲ್ಲೆಯಲ್ಲಿ ನಡೆದುದನ್ನು ನಾಡೆಲ್ಲ ಬಲ್ಲದು. ನಮ್ಮ ಶಾಲೆಯ ಮಕ್ಕಳ ಬಿಳಿಯ ಅಂಗಿಗಳು ಆಗ ಕಾವಿಯ ಬಣ್ಣಕ್ಕೆ ತಿರುಗಿದ್ದವು. ರಸ್ತೆಬದಿಯ ಬೇವಿನ ಮರದ ಎಲೆ ಹಸಿರೆಂಬುದನ್ನು ಒರೆಸಿ ನೋಡಿ ತಿಳಿಯಬೇಕಿತ್ತು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಸ್ಥೆಯು ಸಲ್ಲಿಸಿದ ಅರ್ಜಿಯ ವಿಚಾರಣೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಮರುತಿಂಗಳು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಆ ತಡೆ ವಿಸ್ತರಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ಅಕ್ರಮದ ಪ್ರಮಾಣಕ್ಕೆ ಅನುಗುಣವಾಗಿ ಗಣಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದುದನ್ನು ಒಪ್ಪಿಕೊಂಡು, ಮೂರನೆಯ ವರ್ಗದ ಗುತ್ತಿಗೆಗಳನ್ನು ರದ್ದುಮಾಡಿತು. ಉಳಿದ ಗಣಿಗಳು ಮತ್ತೆ ತೆರೆಯಬೇಕಾದರೆ ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆಯನ್ನು ಕಾರ್ಯರೂಪಕ್ಕೆ ತರಬೇಕೆಂಬ ಕಟ್ಟಳೆಯಾಯಿತು. ಈ ಯೋಜನೆಗಳನ್ನು ಸಿದ್ಧಪಡಿಸುವ ಹೊಣೆ ಡೆಹರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತಿನದಾಗಿತ್ತು. ದಿಬ್ಬದ ಬುಡಕ್ಕೆ ತಡೆಗೋಡೆ, ಕೊರಕಲುಗಳಿಗೆ ಅಡ್ಡಲಾಗಿ ಒಡ್ಡು, ಇಳಿಜಾರಿನ ಮೇಲೆ ತೆಂಗಿನ ನಾರಿನ ಹೊದಿಕೆ, ಅದರ ಮೇಲೆ ಹುಲ್ಲು ಮತ್ತು ಸಸಿ ಎಂಬುದು ಸ್ಥೂಲವಾಗಿ ಅವುಗಳ ಸ್ವರೂಪ.

ಇವೆಲ್ಲ ಸ್ವಾಗತಾರ್ಹವಾದ ಕೆಲಸಗಳೇ. ನನ್ನ ಪ್ರಶ್ನೆ ಇರುವುದು ಅನಂತರದ್ದನ್ನು ಕುರಿತು. "ಬೆಳೆಯುವ ಸಿರಿ ಮೊಳಕೆಯಲ್ಲಿ" ಎಂದು ನಮ್ಮ ಗಾದೆ. ಗಣಿನೆಲದ ಮಟ್ಟಿಗೆ ಈ ಗಾದೆ ಹುಸಿಯಾಗುತ್ತದೆ. ಸಸಿಯು ಮೊದಲ ವರ್ಷ ತನ್ನ ಚೀಲದ ಗೊಬ್ಬರದ ಬಲದಿಂದಲೂ ಟ್ಯಾಂಕರಿನ ನೀರಿನಿಂದಲೂ ಚೆನ್ನಾಗಿಯೇ ಬೆಳೆಯುತ್ತದೆ. ಎರಡನೆಯ, ಮೂರನೆಯ ಬೇಸಗೆಯಲ್ಲಿ ನೀರು ಹಾಕುವವರಿಲ್ಲದಾಗ, ಬೇರು ಗುಂಡಿಯನ್ನು ದಾಟಿ ಕಲ್ಲನ್ನು ಮುಟ್ಟಿದಾಗ, ಅದರ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಪರೀಕ್ಷೆ ನಡೆಯುವ ದಿನ ಪರೀಕ್ಷಕನೇ ಇಲ್ಲದಿದ್ದರೆ ಫಲಿತಾಂಶವನ್ನು ಬರೆಯುವವರಾರು? ಬಿತ್ತಿದ ದಿನವೇ ರಾಶಿಯ ಲೆಕ್ಕ ಬರೆಯುವ ರೈತನನ್ನು ನಾನು ಕಂಡಿಲ್ಲ. ಸಸಿ ನೆಟ್ಟ ದಿನವೇ ಕಾಡಿನ ಲೆಕ್ಕ ಬರೆಯುವವರನ್ನು ಮಾತ್ರ ಕಂಡಿದ್ದೇನೆ.

ಹಸಿರಿನ ಮರಳಿಕೆಯನ್ನು ಗಮನಿಸುವ ಬಗೆ ಬಹು ಕಠಿಣವಾದುದೇನೂ ಅಲ್ಲ. ದಿಬ್ಬದ ಮೇಲೆ ಅಲ್ಲಲ್ಲಿ ಚೌಕಗಳನ್ನು ಗುರುತಿಸಿ, ಮೂಲೆಗಳಿಗೆ ಕಲ್ಲು ನೆಡಬೇಕು. ಹುಲ್ಲಿಗಾದರೆ ಒಂದು ಮೀಟರಿನ ಚೌಕ ಸಾಕು. ಮರಗಳಿಗೆ ಹೆಚ್ಚು ವಿಶಾಲವಾದುದು ಬೇಕು. ಪ್ರತಿವರ್ಷ ಒಂದೇ ಕಾಲದಲ್ಲಿ ಹೋಗಿ ಆ ಚೌಕದಲ್ಲಿ ಏನಿದೆ ಎಂಬುದನ್ನು ಬರೆದಿಡಬೇಕು. ನೆಟ್ಟವುಗಳಲ್ಲಿ ಬದುಕಿರುವುದೆಷ್ಟು? ಎತ್ತರವೆಷ್ಟು, ಕಾಂಡದ ಸುತ್ತಳತೆಯೆಷ್ಟು? ನೆಲದ ಎಷ್ಟು ಭಾಗವನ್ನು ಎಲೆಯೋ ಹುಲ್ಲೋ ಮುಚ್ಚಿದೆ? ಒಂದೇ ಗೂಟದ ಬಳಿ ನಿಂತು, ಒಂದೇ ದಿಕ್ಕಿಗೆ ಮುಖಮಾಡಿ, ವರ್ಷಕ್ಕೊಂದು ಛಾಯಾಚಿತ್ರವನ್ನು ತೆಗೆದರೂ ಹತ್ತು ವರ್ಷಗಳಲ್ಲಿ ಅದೊಂದು ಸತ್ಯವಾದ ಚರಿತ್ರೆಯಾಗುತ್ತದೆ.

ಈ ಪ್ರಶ್ನೆಗಳೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಯಾರೂ ನೆಡದೆ ತಾನಾಗಿ ಬಂದುದು ಏನು? ಗಾಳಿ ತಂದ ಹುಲ್ಲಿನ ಬೀಜ, ಹಕ್ಕಿಯ ಹಿಕ್ಕೆಯಲ್ಲಿ ಬಂದ ಆಲದ ಬೀಜ, ಪಕ್ಕದ ಬೆಟ್ಟದಿಂದ ಇಳಿದ ಬಂದರಿಕೆ, ತಂಗಡಿ, ಮುತ್ತುಗದ ಮೊಳಕೆಗಳು ದಿಬ್ಬದಲ್ಲಿ ಕಾಣಿಸಿಕೊಂಡರೆ ಆ ನೆಲ ಅತಿಥಿಗಳನ್ನು ಬರಮಾಡಿಕೊಳ್ಳುವಷ್ಟು ಚೇತರಿಸಿಕೊಂಡಿದೆಯೆಂದು ತಿಳಿಯಬೇಕು. ನೆಟ್ಟ ಗಿಡ ನಮ್ಮ ಪ್ರಯತ್ನಕ್ಕೆ ಸಾಕ್ಷಿ. ತಾನಾಗಿ ಬಂದ ಗಿಡ ನೆಲದ ಒಪ್ಪಿಗೆಗೆ ಸಾಕ್ಷಿ. ನೆಟ್ಟ ಗಿಡದ ಕೆಳಗೆ ಅದರದೇ ಬೀಜದಿಂದ ಎರಡನೆಯ ತಲೆಮಾರು ಹುಟ್ಟಿತೇ ಎಂಬುದನ್ನೂ ನೋಡಬೇಕು. ಇದಕ್ಕೆ ಅಳತೆಗೋಲಾಗಿ, ಗಣಿಯ ಕೈ ತಾಗದ ಪಕ್ಕದ ಬೆಟ್ಟದಲ್ಲಿಯೂ ಅಂತಹುದೇ ಚೌಕಗಳಿರಬೇಕು. ಮೂಲಪ್ರತಿಯನ್ನು ಎದುರಿಗಿಟ್ಟುಕೊಳ್ಳದೆ ನಕಲಿನ ತಪ್ಪುಗಳನ್ನು ತಿದ್ದಲಾಗದು.

ಎಲೆ ಬಿದ್ದರೆ ಸಾಲದು, ಅದು ಕೊಳೆತು ಮಣ್ಣಾಗಬೇಕೆಂಬುದಕ್ಕೆ ಆಫ್ರಿಕಾದ ಕೀನ್ಯಾ ದೇಶದ ಒಂದು ನಿದರ್ಶನವಿದೆ. ಮೊಂಬಾಸಾ ನಗರದ ಬಳಿ ಬಂಬುರಿ ಎಂಬಲ್ಲಿ ಸಿಮೆಂಟಿಗಾಗಿ ಸುಣ್ಣಕಲ್ಲನ್ನು ತೆಗೆದು ಬರಡಾಗಿದ್ದ ನೆಲದಲ್ಲಿ ರೆನೆ ಹಾಲರ್ ಎಂಬವರು 1971ರಲ್ಲಿ ಸಸಿಗಳನ್ನು ನೆಟ್ಟರು. ಪ್ರಯೋಗಿಸಿದ ಅನೇಕ ಜಾತಿಗಳಲ್ಲಿ ಸರ್ವೆ ಮರ ಚೆನ್ನಾಗಿ ಬೆಳೆಯಿತು. ಆದರೆ ಅದರ ಎಲೆಯುದುರು ಕೊಳೆಯಲಿಲ್ಲ. ನೆಲದ ಮೇಲೆ ಒಣಗಿ ಹಾಗೆಯೇ ಬಿದ್ದಿತ್ತು. ಆ ಎಲೆಯುದುರನ್ನು ತಿನ್ನುವ ಸಹಸ್ರಪದಿ ಹುಳುಗಳನ್ನು ಹಾಲರರು ಗಮನಿಸಿ, ಅವನ್ನು ತಂದು ತೋಪಿನಲ್ಲಿ ಬಿಟ್ಟರು. ಹುಳುಗಳು ಎಲೆಯನ್ನು ತಿಂದು ಗೊಬ್ಬರ ಮಾಡಿದವು, ಮಣ್ಣು ಹುಟ್ಟಿತು, ಬೇರೆ ಮರಗಳಿಗೆ ನೆಲೆಯಾಯಿತು. ಇಂದು ಅದು ಅವರ ಹೆಸರಿನ ಉದ್ಯಾನವಾಗಿದೆ. ಮರದ ತುದಿಯನ್ನೇ ನೋಡುತ್ತ ನಿಂತವರಿಗೆ ಈ ಉಪಾಯ ಹೊಳೆಯುತ್ತಿರಲಿಲ್ಲ. ಅದು ಹೊಳೆದುದು ಬಗ್ಗಿ ಬುಡವನ್ನು ನೋಡಿದವರಿಗೆ.

ಇನ್ನು, ಆಕಾಶದಿಂದ ನೋಡುವ ಕ್ರಮವೂ ಉಂಟು. 1972ರಲ್ಲಿ ಅಮೆರಿಕವು ಹಾರಿಸಿದ ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹದಿಂದ ಮೊದಲ್ಗೊಂಡು ಭೂಮಿಯ ಚಿತ್ರಗಳು ಸಂಗ್ರಹವಾಗುತ್ತಿವೆ. ನಮ್ಮ ದೇಶದ ಮೊದಲ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ 1988ರಲ್ಲಿ ಕಕ್ಷೆಯನ್ನು ಸೇರಿತು. ಆರೋಗ್ಯವಂತ ಎಲೆಯು ಸೂರ್ಯನ ಬೆಳಕಿನ ಕೆಂಪು ಭಾಗವನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಹಿಂದಕ್ಕೆ ಕಳುಹಿಸುತ್ತದೆ. ಇವೆರಡರ ವ್ಯತ್ಯಾಸವನ್ನು ಇವೆರಡರ ಮೊತ್ತದಿಂದ ಭಾಗಿಸಿದರೆ −1ರಿಂದ +1ರವರೆಗಿನ ಒಂದು ಸಂಖ್ಯೆ ದೊರೆಯುತ್ತದೆ. ಅದೇ ಸಸ್ಯ ಸೂಚ್ಯಂಕ. ಬರಡು ನೆಲದಲ್ಲಿ ಅದು ಸೊನ್ನೆಗೆ ಸಮೀಪವಿರುತ್ತದೆ. ದಟ್ಟ ಕಾಡಿನಲ್ಲಿ ಒಂದರ ಕಡೆಗೆ ಏರುತ್ತದೆ. 2008ರಿಂದ ಲ್ಯಾಂಡ್‌ಸ್ಯಾಟ್ ಚಿತ್ರಗಳು ಎಲ್ಲರಿಗೂ ಉಚಿತವಾಗಿ ದೊರೆಯುತ್ತಿವೆ. ಇಂದಿನ ವಿದ್ಯಾರ್ಥಿಯು ತಾನು ಹುಟ್ಟುವ ಮೊದಲು ತನ್ನೂರಿನ ಬೆಟ್ಟ ಹೇಗಿತ್ತೆಂಬುದನ್ನು ಶಾಲೆಯ ಗಣಕಯಂತ್ರದಲ್ಲಿ ನೋಡಬಹುದು. ಇದು ಸಾಮಾನ್ಯ ವರವಲ್ಲ.

ಆದರೆ ಈ ವರವನ್ನು ವಿವೇಕದಿಂದ ಬಳಸಬೇಕು. ಆಕಾಶದ ಕಣ್ಣಿಗೆ ಹಸಿರು ಕಾಣುತ್ತದೆ, ಗಿಡದ ಕುಲ ಕಾಣುವುದಿಲ್ಲ. ನಮ್ಮ ಸೀಮೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿಯನ್ನು ನೋಡಿರಿ. ಹೆಸರು ಬಳ್ಳಾರಿಯದಾದರೂ ಅದರ ತವರು ಅಮೆರಿಕ ಖಂಡ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ಬಂದ ಈ ಗಿಡ ಎಂತಹ ಬರಡು ನೆಲದಲ್ಲಿಯೂ ಬೇರೂರುತ್ತದೆ. ಮೇಕೆಗಳು ಅದರ ಕಾಯಿಯನ್ನು ತಿಂದು ಬೀಜವನ್ನು ಊರೆಲ್ಲ ಹಂಚುತ್ತವೆ. ಅದು ಹಬ್ಬಿದ ಕಡೆ ಹುಲ್ಲಾಗಲಿ ಬೇರೆ ಸಸಿಯಾಗಲಿ ತಲೆಯೆತ್ತುವುದು ಕಷ್ಟ. ತಾನಾಗಿ ಬರುವವುಗಳಲ್ಲಿ ಇದೂ ಒಂದು, ಲಂಟಾನವೂ ಒಂದು. ಆದುದರಿಂದ ಬಂದ ಅತಿಥಿ ಯಾರೆಂದು ವಿಚಾರಿಸದೆ ಸಂತೋಷಪಡುವಂತಿಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಏಪ್ರಿಲ್ ತಿಂಗಳಲ್ಲಿ ಸಂಡೂರಿನ ನಿಜವಾದ ಕಾಡು ಎಲೆಯುದುರಿಸಿ ಕಂದುಬಣ್ಣಕ್ಕೆ ತಿರುಗಿರುತ್ತದೆ. ಬಳ್ಳಾರಿ ಜಾಲಿಯಾದರೋ ಆಗಲೂ ಹಸಿರಾಗಿಯೇ ಇರುತ್ತದೆ. ಬೇಸಗೆಯ ಒಂದು ಚಿತ್ರವನ್ನಷ್ಟೇ ಹಿಡಿದು ತೀರ್ಪು ಕೊಡುವವನು ಜಾಲಿ ಮುಚ್ಚಿದ ದಿಬ್ಬಕ್ಕೆ ಹೆಚ್ಚು ಅಂಕವನ್ನೂ ಪ್ರಾಚೀನವಾದ ಕಾಡಿಗೆ ಕಡಿಮೆ ಅಂಕವನ್ನೂ ಕೊಟ್ಟಾನು! ಮಳೆಗಾಲದ ಚಿತ್ರವನ್ನು ಮಾತ್ರ ನೋಡಿದರೆ ವಾರೊಪ್ಪತ್ತಿನ ಹುಲ್ಲೂ ಕಾಡಿನಂತೆಯೇ ಕಂಡೀತು. ಆದುದರಿಂದ ಎಲ್ಲ ಋತುಗಳ ಚಿತ್ರಗಳನ್ನೂ ನೋಡಬೇಕು; ಆಯಾ ವರ್ಷದ ಮಳೆಯನ್ನು ಲೆಕ್ಕಕ್ಕೆ ಹಿಡಿಯಬೇಕು; ಕೊನೆಗೆ ಬೆಟ್ಟ ಹತ್ತಿ, ಆ ಹಸಿರು ಯಾವುದೆಂದು ಕೈಮುಟ್ಟಿ ತಿಳಿಯಬೇಕು. ನೆಲದ ಸಾಕ್ಷ್ಯವಿಲ್ಲದೆ ಆಕಾಶದ ಸಾಕ್ಷ್ಯ ನಿಲ್ಲದು.

ಇದೇ ಕಾರಣದಿಂದ ಎಲ್ಲ ನೆಲಕ್ಕೂ ಒಂದೇ ಅಳತೆ ಸಲ್ಲದು. ಪಶ್ಚಿಮ ಘಟ್ಟದ ಕುದುರೆಮುಖದಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಕಬ್ಬಿಣದ ಗಣಿಗಾರಿಕೆ ನಿಂತಿತು. ಅಲ್ಲಿಯ ಎತ್ತರದ ಬೆಟ್ಟಗಳ ಸಹಜ ಉಡುಗೆಯೆಂದರೆ ಇಳಿಜಾರಿನಲ್ಲಿ ಹುಲ್ಲು, ಕಣಿವೆಗಳಲ್ಲಿ ಶೋಲಾ ಕಾಡು. ಹುಲ್ಲಿನ ಬೆಟ್ಟದ ತುಂಬ ಹೊರಗಿನ ಮರಗಳನ್ನು ಬೆಳೆಸಿ ಇದು ಚೇತರಿಕೆಯೆಂದರೆ, ಅದು ಧೋತರ ಕಳೆದುಕೊಂಡವನಿಗೆ ಕಂಬಳಿ ಹೊದಿಸಿದಂತಾದೀತು. ಮೈ ಮುಚ್ಚುವುದು ನಿಜ, ಕಳೆದುಹೋದುದು ಸಿಕ್ಕಿತೆಂದು ಹೇಳಲಾಗದು.

ಗಣಿಯನ್ನು ನಡೆಸುವವರ ಪಕ್ಷದಲ್ಲಿಯೂ ಮಾತುಗಳಿವೆ. ಬರಿಯ ಕಲ್ಲಿನಲ್ಲಿ ಮೊದಲೇ ದಿಂಡಿಗ, ಕಮರ ಬೆಳೆಯುವುದಿಲ್ಲ. ಬೇಗ ಬೆಳೆದು ಮಣ್ಣನ್ನು ಹಿಡಿದು, ಧೂಳನ್ನು ತಡೆಯುವ ಗಿಡಗಳು ಮೊದಲು ಬೇಕು ಎನ್ನುತ್ತಾರೆ. ಇದು ಒಪ್ಪತಕ್ಕ ಮಾತು. ಗಾಳಿಯಲ್ಲಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವ ಗ್ಲಿರಿಸೀಡಿಯಾದಂತಹ ಗಿಡಗಳು ಬರಡು ನೆಲಕ್ಕೆ ದಾದಿಯರಿದ್ದಂತೆ. ಆದರೆ ದಾದಿಯೇ ಮನೆಯ ಒಡತಿಯಾಗಿ ಉಳಿಯಬಾರದು. ಆಕೆ ತನ್ನ ಕೆಲಸ ಮುಗಿಸಿ ಮಕ್ಕಳಿಗೆ ಎಡೆಗೊಟ್ಟಳೇ ಎಂಬುದನ್ನು ನೋಡುವುದಕ್ಕಾಗಿಯೇ ದೀರ್ಘಕಾಲದ ಗಮನ ಅಗತ್ಯ. ಇಷ್ಟೊಂದು ವರ್ಷ ನೋಡುವುದು ಬಹಳ ಖರ್ಚಿನದೆಂಬುದು ಇನ್ನೊಂದು ವಾದ. ಲಾರಿಗಟ್ಟಲೆ ಅದಿರನ್ನು ತೂಗಲು ಖರ್ಚು ಮಾಡಿದವರು ಹಿಡಿ ಹುಲ್ಲನ್ನು ಎಣಿಸಲು ಖರ್ಚು ಹೆಚ್ಚಾಯಿತೆಂದರೆ ಆ ಮಾತು ನ್ಯಾಯವೆನಿಸದು.

ಎಷ್ಟು ಕಾಲ ನೋಡಬೇಕು? ಅಮೆರಿಕವು 1977ರಲ್ಲಿ ಕಲ್ಲಿದ್ದಲು ಗಣಿಗಳಿಗಾಗಿ ಮಾಡಿದ ಕಾಯಿದೆ ಇಲ್ಲಿ ವಿಚಾರಾರ್ಹವಾಗಿದೆ. ಗಣಿಯ ಒಡೆಯನು ಮುಂಚೆಯೇ ಠೇವಣಿಯ ಭದ್ರತೆಯನ್ನು ಒದಗಿಸಬೇಕು. ಬಿತ್ತನೆ ಮುಗಿದ ಮೇಲೆ ಐದು ವರ್ಷ ಪೂರ್ತಿ ಹಸಿರಿನ ಹೊಣೆ ಅವನದೇ. ವರ್ಷಕ್ಕೆ 26 ಅಂಗುಲ, ಎಂದರೆ ಸುಮಾರು 660 ಮಿಲಿಮೀಟರು ಅಥವಾ ಅದಕ್ಕಿಂತ ಕಡಿಮೆ ಮಳೆ ಬೀಳುವ ಕಡೆ ಈ ಅವಧಿ ಹತ್ತು ವರ್ಷ. ನನ್ನ ಮನಸ್ಸನ್ನು ಹೆಚ್ಚು ಸೆಳೆದುದು ಇದರಲ್ಲಿಯ ಒಂದು ಸೂಕ್ಷ್ಮ. ಸಾಮಾನ್ಯ ಆರೈಕೆಯನ್ನು ಮೀರಿ ನಡುವೆ ಮತ್ತೆ ಬಿತ್ತಿದರೆ ಅಥವಾ ಗೊಬ್ಬರ ಹಾಕಿದರೆ ವರ್ಷಗಳ ಎಣಿಕೆ ಮೊದಲಿನಿಂದ ಆರಂಭವಾಗುತ್ತದೆ. ಬಳ್ಳಾರಿಯ ಬಯಲಿನಂತಹ ಒಣಸೀಮೆಗೆ ಹತ್ತು ವರ್ಷವೂ ಹೆಚ್ಚಲ್ಲ.

ನಮ್ಮಲ್ಲಿಯೂ ನಿಯಮಗಳಿಲ್ಲವೆಂದಲ್ಲ. ಗಣಿ ಮುಚ್ಚುವ ಯೋಜನೆ 2003ರಿಂದ ಕಡ್ಡಾಯವಾಗಿದೆ. ಗಣಿಗಾರಿಕೆ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಿ, ಮೇವಿಗೂ ಸಸ್ಯಪ್ರಾಣಿಗಳಿಗೂ ಯೋಗ್ಯವಾಗುವಂತೆ ಮಾಡಬೇಕೆಂಬ ಷರತ್ತನ್ನು ಗಣಿ ಗುತ್ತಿಗೆಗಳಲ್ಲಿ ಸೇರಿಸುವಂತೆ ಸರ್ವೋಚ್ಚ ನ್ಯಾಯಾಲಯವು 2020ರ ಜನವರಿ 8ರಂದು ಸರ್ಕಾರಕ್ಕೆ ನಿರ್ದೇಶನ ನೀಡಿದೆ. ಮರದ ಹೆಸರನ್ನು ಮಾತ್ರ ಹೇಳದೆ ಹುಲ್ಲನ್ನೂ ನೆನೆದ ಈ ಮಾತು ದನಕರುಗಳ ಬಾಯಿಯ ಭಾಷೆಯನ್ನು ಬಲ್ಲ ಮಾತು. ಆದರೆ ಆಜ್ಞೆ ಫಲಿಸಿತೇ ಎಂದು ತಿಳಿಯಲು ನೋಡುವ ಕಣ್ಣುಗಳು ಬೇಕು.

ಆ ಕಣ್ಣುಗಳು ಯಾರವು? ಗಣಿಯೇ ಎಣಿಸಿ, ಗಣಿಯೇ ಬರೆದು, ಗಣಿಯೇ ಒಪ್ಪಿಸುವ ಲೆಕ್ಕವು ವಿದ್ಯಾರ್ಥಿ ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿಕೊಂಡಂತೆ. ತಜ್ಞರು ಬೇಕು, ಅರಣ್ಯ ಇಲಾಖೆ ಬೇಕು. ಇವರ ಜೊತೆಗೆ ಊರಿನವರೂ ಬೇಕು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಸಮಿತಿಗಳಿದ್ದು, ಅವು ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕಾಗಿದೆ. ಗಣಿನೆಲದ ಚೌಕಗಳ ಲೆಕ್ಕವೂ ಆ ದಾಖಲೆಯಲ್ಲಿ ಏಕೆ ಸೇರಬಾರದು? ಯಾವ ಹುಲ್ಲನ್ನು ಆಕಳು ಮುಟ್ಟುತ್ತದೆ, ಯಾವುದನ್ನು ಮೂಸಿ ಬಿಡುತ್ತದೆ ಎಂಬುದನ್ನು ದನಗಾಹಿಗಿಂತ ಬಲ್ಲವರಿಲ್ಲ. ಯಾವ ಗಿಡ ಎಲ್ಲಿ ಮರಳಿ ಬಂದಿದೆಯೆಂಬುದು ಸೌದೆಗೂ ಸೀತಾಫಲಕ್ಕೂ ಬೆಟ್ಟ ಹತ್ತುವ ತಾಯಂದಿರಿಗೆ ಗೊತ್ತು. ಬೆಟ್ಟದ ಸುತ್ತಲ ಪ್ರತಿಯೊಂದು ಪ್ರೌಢಶಾಲೆಯೂ, ಗಣಿಯ ಕೆಲಸ ಪೂರ್ತಿ ಮುಗಿದು ಸುರಕ್ಷಿತವೆನಿಸಿದ ನೆಲದಲ್ಲಿ, ಅಧ್ಯಾಪಕರ ಜೊತೆಗೆ ಒಂದು ಚೌಕವನ್ನು ವರ್ಷಕ್ಕೊಮ್ಮೆ ನೋಡಿ ಬರೆಯಲಿ. ಈ ವರ್ಷದ ಎಂಟನೆಯ ತರಗತಿ ಬರೆದುದನ್ನು ಹತ್ತು ವರ್ಷಗಳ ಅನಂತರದ ಎಂಟನೆಯ ತರಗತಿ ಓದಲಿ. ಸಸ್ಯಶಾಸ್ತ್ರವನ್ನೂ ಗಣಿತವನ್ನೂ ಪ್ರಾಮಾಣಿಕತೆಯನ್ನೂ ಒಟ್ಟಿಗೆ ಕಲಿಸುವ ಇದಕ್ಕಿಂತ ಉತ್ತಮವಾದ ಪಾಠ ನನಗೆ ಕಾಣದು. ಒಣಗಿದ್ದನ್ನು ಒಣಗಿತೆಂದು ಬರೆಯುವ ಧೈರ್ಯ ಆ ಪುಸ್ತಕದ ಮೊದಲ ನಿಯಮವಾಗಿರಲಿ.

ಕಬ್ಬಿಣ ನಮಗೆ ಬೇಡವೆಂದು ನಾನು ಹೇಳುತ್ತಿಲ್ಲ. ನೇಗಿಲ ಕುಳದಿಂದ ರೈಲಿನ ಹಳಿಯವರೆಗೆ ಅದರ ಉಪಕಾರ ದೊಡ್ಡದು. ಆದರೆ ಬೆಟ್ಟದಿಂದ ಪಡೆದುದು ದಾನವಲ್ಲ, ಸಾಲ. ತೀರಿತೆಂದು ಸಾಲಗಾರನೇ ಬರೆದುಕೊಂಡರೆ ಸಾಲ ತೀರದು. ಕೊಟ್ಟವರು ಕೈಗೆ ಬಂತೆನ್ನಬೇಕು. ಬೆಟ್ಟಕ್ಕೆ ಮಾತಿಲ್ಲ. ಅದು ಹೇಳುವುದೆಲ್ಲವನ್ನೂ ಹುಲ್ಲಿನಲ್ಲಿ, ಮೊಳಕೆಯಲ್ಲಿ, ತಿಳಿಯಾಗಿ ಹರಿಯುವ ಹಳ್ಳದಲ್ಲಿ ಹೇಳುತ್ತದೆ. ಅದನ್ನು ಓದುವ ತಾಳ್ಮೆ ನಮ್ಮದಾಗಬೇಕು.

ನನ್ನ ಆ ವಿದ್ಯಾರ್ಥಿನಿಗೆ ಅಂದು ಕೊಡದಿದ್ದ ಉತ್ತರವನ್ನು ಇಂದು ಕೊಡಬಲ್ಲೆ: "ಎರಡೂ ಅಲ್ಲ, ಮಗು. ಈಗ ಸೊನ್ನೆ ಎಂದು ಬರೆ. ಹತ್ತು ಬೇಸಗೆ ಕಳೆದ ಮೇಲೆ ಇಲ್ಲಿಗೆ ಬಾ. ನೀನಿಟ್ಟ ಗಿಡ ಬದುಕಿದ್ದು, ಅದರ ನೆರಳಿನಲ್ಲಿ ನೀನು ನೆಡದ ಇನ್ನೊಂದು ಸಸಿ ತಲೆಯೆತ್ತಿದ್ದರೆ, ಆಗ ಒಂದು ಎಂದು ಬರೆ."